ಕನ್ನಡಕದೊಳಗಿನ ಹೆಂಡದಂಗಡಿ

ಕುಡಿತ ಬಿಡಿಸುವ ಚಿಕಿತ್ಸೆಗೆ ಈಗ ಕನ್ನಡಕವೊಂದು ಸೇರಿಕೊಂಡಿದೆ. ಕನ್ನಡಕವೆಂದರೆ ಮೂಗಿನ ಮೇಲೆ ಕೂರುವ ಹಗುರ ವಸ್ತುವಲ್ಲ. ಎರಡೂ ಕಣ್ಣುಗಳನ್ನು ಪೂರ್ತಿ ಮುಚ್ಚಿ, ತಲೆಯ ಹಿಂದಕ್ಕೆ ಪಟ್ಟಿ ಬಿಗಿದು ತೊಡಬೇಕಾದ, ಸುಮಾರು ಅರ್ಧ ಕಿಲೋ ತೂಗುವ ಮುಖವಾಡ. ತೊಟ್ಟವನಿಗೆ ಆಸ್ಪತ್ರೆಯ ಕೋಣೆ ಮಾಯವಾಗಿ ಮದ್ಯದಂಗಡಿ ಎದುರಾಗುತ್ತದೆ. ತಲೆ ತಿರುಗಿಸಿದರೆ ಅಂಗಡಿಯ ಇನ್ನೊಂದು ಮೂಲೆ. ಮುಂದೆ ಬಾಗಿದರೆ ಮೇಜಿನ ಮೇಲಿನ ಗ್ಲಾಸು. ಪಕ್ಕದಲ್ಲಿ ಕುಳಿತವನು ಮಾತಿಗೆಳೆಯುತ್ತಾನೆ, ಸುರಿದುಕೊಡಲೇ ಎಂದು ಕೇಳುತ್ತಾನೆ. ಚಿಕಿತ್ಸಕರು ಮಾತ್ರ ಆಗಾಗ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ: ಸೊನ್ನೆಯಿಂದ ನೂರರೊಳಗೆ ಈಗ ನಿಮ್ಮ ತಹತಹ ಎಷ್ಟು? ವರ್ಚುವಲ್ ರಿಯಾಲಿಟಿ ಎಂದು ಜಗತ್ತು ಕರೆಯುವ, ನಮ್ಮ ಪತ್ರಿಕೆಗಳು ಮಿಥ್ಯಾವಾಸ್ತವ ಎಂದು ಹೆಸರಿಟ್ಟಿರುವ ತಂತ್ರವಿದು.

ಹೆಸರು ಇಟ್ಟವರು ಯಾರೋ ತಿಳಿಯದು, ಆದರೆ ಚೆನ್ನಾಗಿಯೇ ಇಟ್ಟಿದ್ದಾರೆ. ಮಿಥ್ಯೆ ಎಂದರೆ ಬರಿಯ ಸುಳ್ಳಲ್ಲವೆಂಬುದನ್ನು ವೇದಾಂತದ ಹಗ್ಗ-ಹಾವಿನ ದೃಷ್ಟಾಂತ ಕೇಳಿದವರೆಲ್ಲ ಬಲ್ಲರು. ಹಾವು ಇರಲಿಲ್ಲ, ಆದರೆ ಅದನ್ನು ಕಂಡು ಬೆವರಿದ್ದು, ಎದೆ ಹೊಡೆದುಕೊಂಡದ್ದು, ಹಿಂದಕ್ಕೆ ಹಾರಿದ್ದು ಎಲ್ಲವೂ ನಿಜ. ಈ ಚಿಕಿತ್ಸೆ ನಿಂತಿರುವುದು ಆ ಬೆವರಿನ ಮೇಲೆಯೇ. 1995ರಲ್ಲಿ ಅಮೆರಿಕದ ಬಾರ್ಬರಾ ರೋತ್‌ಬಾಮ್ ಮತ್ತು ಸಂಗಡಿಗರು ಎತ್ತರದ ಭಯವಿದ್ದವರನ್ನು ಕಂಪ್ಯೂಟರು ಕಟ್ಟಿದ ಸೇತುವೆಗಳ ಮೇಲೂ ಗಾಜಿನ ಲಿಫ್ಟಿನಲ್ಲೂ ನಿಲ್ಲಿಸಿ, ಭಯ ತಗ್ಗುವುದನ್ನು ತೋರಿಸಿದರು. ಸೇತುವೆ ಸುಳ್ಳೆಂದು ಅವರಿಗೆ ಗೊತ್ತಿತ್ತು. ಕಾಲುಗಳಿಗೆ ಗೊತ್ತಿರಲಿಲ್ಲ.

ಭಯಕ್ಕೆ ಒಪ್ಪಿದ ಉಪಾಯ ಚಪಲಕ್ಕೂ ಒಪ್ಪಬಾರದೇಕೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಹಿನ್ನೆಲೆಯಾಗಿ ಒಂದು ಹಳೆಯ ಸಂಗತಿ ಹೇಳಬೇಕು. 1940ರ ದಶಕದಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಮಾದಕ ವ್ಯಸನಿಗಳಿಗಾಗಿಯೇ ಒಂದು ಸರ್ಕಾರಿ ಆಸ್ಪತ್ರೆಯಿತ್ತು. ಅಲ್ಲಿನ ವೈದ್ಯ ಅಬ್ರಹಾಂ ವಿಕ್ಲರ್ ಒಂದು ವಿಚಿತ್ರವನ್ನು ಗಮನಿಸಿದರು. ತಿಂಗಳುಗಟ್ಟಲೆ ಮಾದಕವಸ್ತು ಮುಟ್ಟದೆ, ದೇಹದಿಂದ ಅದರ ಕುರುಹೂ ಅಳಿದುಹೋಗಿದ್ದ ರೋಗಿಗಳು, ಒಟ್ಟಿಗೆ ಕುಳಿತು ಹಳೆಯ ದಿನಗಳ ಮಾತೆತ್ತಿದರೆ ಸಾಕು, ಆಕಳಿಸತೊಡಗುತ್ತಿದ್ದರು; ಅವರ ಕಣ್ಣು ಮೂಗುಗಳಲ್ಲಿ ನೀರಿಳಿಯುತ್ತಿತ್ತು. ಅದು ನಿನ್ನೆ ಮೊನ್ನೆ ಬಿಟ್ಟವರಿಗೆ ಬರಬೇಕಾದ ಲಕ್ಷಣ. ವಿಕ್ಲರ್ ಅದನ್ನು ಪಾವ್ಲೋವನ ನಾಯಿಯ ಜೊಲ್ಲಿಗೆ ಜೋಡಿಸಿ ಅರ್ಥ ಮಾಡಿಕೊಂಡರು. ಊಟ ಬರುವ ಮುನ್ನ ಬರುವ ಸದ್ದೇ ನಾಯಿಗೆ ಊಟವಾಗುವಂತೆ, ವ್ಯಸನಿಗೆ ಬೀದಿಯ ತಿರುವು, ಜೊತೆಗಾರನ ನಗು, ಸಂಜೆಯ ಬೆಳಕು ಇವೇ ಮದ್ಯದ ಮೊದಲ ಗುಟುಕಾಗಿಬಿಡುತ್ತವೆ. ಹಾಗಾದರೆ ಸದ್ದನ್ನು ಮತ್ತೆ ಮತ್ತೆ ಕೇಳಿಸಿ ಊಟ ಕೊಡದೆ ಬಿಟ್ಟರೆ ಜೊಲ್ಲು ನಿಲ್ಲುವಂತೆ, ಗ್ಲಾಸನ್ನು ಮತ್ತೆ ಮತ್ತೆ ತೋರಿಸಿ ಕುಡಿಯಗೊಡದಿದ್ದರೆ ತಹತಹ ಇಳಿಯಬೇಕಲ್ಲವೇ?

ಮೊದಲು ಬಾಟಲಿಗಳನ್ನೂ ಚಿತ್ರಗಳನ್ನೂ ತೋರಿಸಿ ಪ್ರಯತ್ನಿಸಿದರು. ಅನಂತರ ಕನ್ನಡಕ ಬಂದಿತು. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಬೋರ್ಡ್‌ನಿಕ್ ಸಿಗರೇಟು, ಮದ್ಯ, ಕೊನೆಗೆ ಹೆರಾಯಿನ್ ಸೇವಿಸುವ ಕೂಟದ ದೃಶ್ಯಗಳನ್ನೂ ಕಟ್ಟಿದರು. ಬಾರ್ಸಿಲೋನಾದಲ್ಲಿ ಹೊಸೆ ಗುಟಿಯೆರೆಸ್-ಮಾಲ್ಡೊನಾಡೊ ಅವರ ತಂಡ ಬಾರು, ರೆಸ್ಟೊರೆಂಟು, ಮನೆ ಎಂದು ಬೇರೆ ಬೇರೆ ಸನ್ನಿವೇಶಗಳನ್ನು ರೂಪಿಸಿತು. ಅಮೆರಿಕದ ಇಂಡಿಯಾನಾದಲ್ಲಿ ಬ್ರ್ಯಾಂಡನ್ ಓಬರ್ಲಿನ್ ಹೂಡಿದ ಉಪಾಯ ಇವೆಲ್ಲಕ್ಕಿಂತ ಬೇರೆ: ಅಲ್ಲಿ ವ್ಯಸನಿ ಭೇಟಿಯಾಗುವುದು ತನ್ನನ್ನೇ, ಹದಿನೈದು ವರ್ಷಗಳ ಮುಂದಿನ ತನ್ನನ್ನು. ಬಿಟ್ಟರೆ ಹೀಗಿರುತ್ತೀಯೆ, ಬಿಡದಿದ್ದರೆ ಹೀಗೆ ಎಂದು ಎರಡು ಮುಖಗಳು ಅವನದೇ ದನಿಯಲ್ಲಿ ಮಾತನಾಡುತ್ತವೆ. ಈ ಕೊನೆಯದು ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಬಹಳ ಇಷ್ಟವಾಯಿತೆಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ನನ್ನ ತಕರಾರೇನು?

ಮೊದಲ ತಕರಾರು ವಿಜ್ಞಾನಿಗಳದೇ. ತಹತಹ ಇಳಿಯಿತೆಂದು ತೋರಿಸುವ ಅಧ್ಯಯನಗಳು ಹಲವಿವೆ. ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಕುಡಿಯದೆ ಉಳಿದರೆಂದು ತೋರಿಸುವವು ಕಡಿಮೆ. ಕನ್ನಡಕ ಬರುವ ಮುನ್ನವೇ, ಬಾಟಲಿ ತೋರಿಸುವ ಹಳೆಯ ಕ್ರಮವನ್ನು ಪರಿಶೀಲಿಸಿ 2002ರಲ್ಲಿ ಕಾಂಕ್ಲಿನ್ ಮತ್ತು ಟಿಫನಿ ಎಂಬಿಬ್ಬರು ಅದು ಫಲಿಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದರು. ಕಾರಣವನ್ನೂ ಅವರು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿಯೇ ಹುಡುಕಿದರು. ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ಹಲವು ವರ್ಷ ಇಲಿಗಳೊಡನೆ ದುಡಿದು ತೋರಿಸಿದ ಸಂಗತಿಯದು. ಒಂದು ಪಂಜರದಲ್ಲಿ ಕಲಿತದ್ದನ್ನು ಇನ್ನೊಂದು ಪಂಜರದಲ್ಲಿ ಮರೆಸಿದರೆ, ಇಲಿ ಮರೆಯುವುದು ಆ ಎರಡನೆಯ ಪಂಜರದಲ್ಲಿ ಮಾತ್ರ. ಮೊದಲಿನದಕ್ಕೆ ಮರಳಿಸಿದೊಡನೆ ಹಳೆಯ ಪಾಠ ಹಾಗೆಯೇ ಎದ್ದು ಬರುತ್ತದೆ. ಮರೆವು ಹಳೆಯದನ್ನು ಅಳಿಸುವುದಿಲ್ಲ. ಅದರ ಮೇಲೊಂದು ಹೊಸ ಪಾಠವನ್ನು ಹೊದಿಸುತ್ತದೆ, ಮತ್ತು ಆ ಹೊದಿಕೆ ಹೊದಿಸಿದ ಜಾಗಕ್ಕೆ ಅಂಟಿಕೊಂಡಿರುತ್ತದೆ.

ಇದಕ್ಕೆ ತಿರುಗುಮುರುಗಾದ ಸಾಕ್ಷ್ಯವೂ ಇದೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿ 1970ರ ದಶಕದಲ್ಲಿ ಬೆನ್ನುಹತ್ತಿ ವಿಚಾರಿಸಿದರು. ಊರಿಗೆ ಮರಳಿದ ಮೂರು ವರ್ಷಗಳಲ್ಲಿ ಮತ್ತೆ ಆ ಚಟಕ್ಕೆ ಸಿಲುಕಿದವರು ಶೇ. 12ರಷ್ಟು ಮಾತ್ರ. ದೇಶವೆಲ್ಲ ಹೆದರಿದ್ದಕ್ಕೆ ಇದು ತೀರ ಕಡಿಮೆ. ಸೈನಿಕರು ಚಟ ಕಲಿತ ಊರನ್ನೇ ಬಿಟ್ಟು ಬಂದಿದ್ದರು. ನಮ್ಮ ವ್ಯಸನಿಯ ಗತಿ ಇದರ ವಿರುದ್ಧ: ಅವನು ಬಿಡುವುದನ್ನು ಕಲಿಯುವುದು ಆಸ್ಪತ್ರೆಯಲ್ಲಿ, ಮರಳುವುದು ಕುಡಿಯಲು ಕಲಿತ ಬೀದಿಗೆ.

ನ್ಯಾಯವಾಗಿ ಹೇಳುವುದಾದರೆ, ಬೌಟನ್ನರ ಇಲಿಗಳೇ ಕನ್ನಡಕದ ಪರವಾದ ದೊಡ್ಡ ವಕೀಲರು. ಪಾಠ ಜಾಗಕ್ಕೆ ಅಂಟುವುದಾದರೆ ಹತ್ತು ಜಾಗಗಳಲ್ಲಿ ಪಾಠ ಮಾಡಬೇಕು. ರೋಗಿಯನ್ನು ಹತ್ತು ಅಂಗಡಿಗೆ ಕರೆದೊಯ್ಯಲಾಗದು, ಆದರೆ ಹತ್ತು ಅಂಗಡಿಗಳನ್ನು ಅವನ ಕಣ್ಣಿಗೆ ಕಟ್ಟಬಹುದು. ಉಪಕರಣದ ಬೆಲೆಯೂ ಈಗ ಒಂದು ಒಳ್ಳೆಯ ಮೊಬೈಲ್ ಫೋನಿನಷ್ಟಕ್ಕೆ ಇಳಿದಿದೆ. ಆದ್ದರಿಂದ ಕನ್ನಡಕವೇ ಬೇಡವೆಂಬುದು ನನ್ನ ವಾದವಲ್ಲ. ಕನ್ನಡಕದೊಳಗೆ ಏನನ್ನು ಕಟ್ಟುತ್ತೇವೆ, ಅದನ್ನು ಕಳಚಿಟ್ಟ ಮೇಲೆ ಏನಿರುತ್ತದೆ ಎಂಬುದನ್ನು ಕೇಳದೆ ಅದನ್ನು ತರಿಸಿಕೊಳ್ಳಬಾರದು ಎಂಬುದಷ್ಟೇ.

ಹ್ಯೂಸ್ಟನ್‌ನ ದೃಶ್ಯದಲ್ಲಿ ಪಾರ್ಟಿಯಿದೆ, ಸೋಫಾ ಇದೆ, ಬಣ್ಣಬಣ್ಣದ ಗ್ಲಾಸುಗಳಿವೆ. ನಾನಿರುವ ಚೆನ್ನೈಯಲ್ಲಿ ಮದ್ಯದಂಗಡಿ ಹೇಗಿದೆ? ಹೊರಗಿನಿಂದ ಬಂದವರಿಗೆ ಇಲ್ಲಿ ಮೊದಲು ಅಚ್ಚರಿ ತರುವುದು ಅದರ ಒಡೆಯನೇ. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದ ನಾಡಿದು. ಆ ನಿಷೇಧ ಮುಂದೆ ರಾಜ್ಯಕ್ಕೆಲ್ಲ ಹಬ್ಬಿ, 1971ರಲ್ಲಿ ಸಡಿಲಗೊಂಡು, ಮತ್ತೆ ಬಂದು, ಮತ್ತೆ ಹೋಗಿ, 1983ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆ ಟಾಸ್ಮಾಕ್ ಎಂಬ ಸರ್ಕಾರಿ ನಿಗಮ ಹುಟ್ಟಿತು. 2003ರಿಂದ ಚಿಲ್ಲರೆ ಮಾರಾಟವೂ ಅದರದೇ. ಅಂದರೆ ಕೌಂಟರಿನ ಕಬ್ಬಿಣದ ಜಾಲರಿಯ ಹಿಂದೆ ನಿಂತು ಬಾಟಲಿ ನೀಡುವವನು ಸರ್ಕಾರಿ ನಿಗಮದ ಕೆಲಸಗಾರ. 2023-24ರಲ್ಲಿ ಇದರಿಂದ ರಾಜ್ಯಕ್ಕೆ ಬಂದ ಆದಾಯ 45 ಸಾವಿರ ಕೋಟಿ ರೂಪಾಯಿ ಮೀರಿತ್ತು. ಅಂಗಡಿಯ ಫಲಕದಲ್ಲಿಯೇ ಮದ್ಯವು ನಾಡಿಗೂ ಮನೆಗೂ ಜೀವಕ್ಕೂ ಕೇಡೆಂಬ ಎಚ್ಚರಿಕೆ ಬರೆದಿರುತ್ತದೆ. ಹೆಂಡ ಮಾರುತ್ತಲೇ ಹೆಂಡದ ಕೇಡನ್ನು ತಿಳಿಹೇಳಿದ ಶರಣ ಹೆಂಡದ ಮಾರಯ್ಯನ ಕಥೆ ನಮ್ಮಲ್ಲಿದೆ. ಅವನು ಗಿರಾಕಿಗಳನ್ನು ಕಳೆದುಕೊಳ್ಳಲು ಸಿದ್ಧನಾಗಿದ್ದನೆಂಬುದು ವ್ಯತ್ಯಾಸ. ಸರ್ಕಾರದ ಸಂಬಳ ತಿನ್ನುವವನಾಗಿ ನಾನು ಈ ಮಾತನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. 2007ರಲ್ಲಿ ಸಾರಾಯಿ ನಿಲ್ಲಿಸಿದ ನಮ್ಮ ಕರ್ನಾಟಕದ ಬೊಕ್ಕಸವೂ ಅಬಕಾರಿಯನ್ನು ಬಿಟ್ಟು ಬದುಕಲು ಕಲಿತಿಲ್ಲವೆಂಬುದನ್ನು ಮಾತ್ರ ಸೇರಿಸುತ್ತೇನೆ.

ಅಂಗಡಿಗೆ ಅಂಟಿಕೊಂಡ ಬಾರಿನಲ್ಲಿ ಸೋಫಾ ಇರುವುದಿಲ್ಲ. ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ, ಬೇಯಿಸಿದ ಮೊಟ್ಟೆ, ಕಡಲೆಯ ಸುಂಡಲ್, ಒದ್ದೆ ನೆಲ. ಇಲ್ಲಿ ಕುಡಿತದ ಅಳತೆ ಕ್ವಾರ್ಟರ್, ಅಂದರೆ 180 ಮಿಲಿಲೀಟರ್. ಅದಕ್ಕೂ ಕೈಯಲ್ಲಿ ಹಣ ಸಾಲದವನು ಅಂಗಡಿಯ ಮುಂದೆ ನಿಂತು ತನ್ನಂಥ ಇನ್ನೊಬ್ಬನನ್ನು ಹುಡುಕುತ್ತಾನೆ. ಇಬ್ಬರೂ ಕೂಡಿಸಿ ಒಂದು ಕ್ವಾರ್ಟರ್ ಕೊಂಡು ಅರ್ಧರ್ಧ ಮಾಡಿಕೊಳ್ಳುತ್ತಾರೆ. ಇದಕ್ಕೆ ಕಟಿಂಗ್ ಎಂದು ಹೆಸರು. ಪರಿಚಯವೇ ಇಲ್ಲದವನು ಬಂದು ಕಟಿಂಗ್ ಉಂಟೇ ಎಂದು ಕೇಳುವ ಆ ಕ್ಷಣದಲ್ಲಿ ಒಂದು ಸ್ನೇಹದ ಆಹ್ವಾನವೂ ಇರುತ್ತದೆ, ಬಡತನದ ಲೆಕ್ಕಾಚಾರವೂ ಇರುತ್ತದೆ. ಇದನ್ನು ಬಾರ್ಸಿಲೋನಾದ ಯಾವ ಸಾಫ್ಟ್‌ವೇರೂ ಬಲ್ಲುದಲ್ಲ. ಆಮದು ಮಾಡಿದ ದೃಶ್ಯದಲ್ಲಿ ಕಾಕ್‌ಟೇಲ್ ನಿರಾಕರಿಸಲು ಕಲಿತವನು ವ್ಯಾಸರಪಾಡಿಯ ಅಂಗಡಿಯ ಮುಂದೆ ಏನು ಮಾಡಿಯಾನು? ಇಲಿಯ ಎರಡನೆಯ ಪಂಜರದ ಕಥೆಯೇ ಆಗುತ್ತದೆ.

ದೃಶ್ಯವನ್ನು ನಮ್ಮದಾಗಿಸಿಕೊಂಡರೂ ಇನ್ನೊಂದು ತೊಡಕು ಉಳಿಯುತ್ತದೆ. ಅದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ.

ನನ್ನ ಜೊತೆ ಕೆಲಸ ಮಾಡುವ ಕಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ; ತಮಿಳುನಾಡಿನ ಗಡಿಭಾಗದ ಕನ್ನಡಿಗರು. ಒಂದು ತಿಂಗಳು ಚಿಕಿತ್ಸೆಗೆ ದಾಖಲಾಗಿ ಬಂದು ಐದು ತಿಂಗಳು ಒಂದು ಹನಿ ಮುಟ್ಟಿರಲಿಲ್ಲ. ಆರನೆಯ ತಿಂಗಳಲ್ಲಿ ಮತ್ತೆ ಬಿದ್ದರು. ನಾನು ಆಗ ಬೇರೆ ಊರಿನ ತರಬೇತಿಯಲ್ಲಿದ್ದೆ. ಮರಳಿದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಅವರೇ ಹೇಳಿದರು:

“ಬಾಟಲಿ ನೋಡಿದ್ರೆ ನಂಗೇನೂ ಆಗೋದಿಲ್ಲ ಸಾರ್. ದಿನಾ ಎರಡು ಅಂಗಡಿ ದಾಟ್ಕೊಂಡೇ ಮನೆಗೆ ಹೋಗ್ತಿದ್ದೆ. ಅವತ್ತು ರಿಟೈರ್‌ಮೆಂಟ್ ಪಾರ್ಟೀಲಿ ದೊಡ್ಡವರು ಅವರೇ ಎದ್ದು ಬಂದು, ಭುಜದ ಮೇಲೆ ಕೈ ಹಾಕಿ, ನಿನ್ನ ಮಗಳ ಅಡ್ಮಿಷನ್‌ಗೆ ನಾನು ಮಾತಾಡಿದ್ದು ನೆನಪಿದೆಯಾ ಅಂದ್ರು. ಆಮೇಲೆ ಗ್ಲಾಸ್ ಕೈಗಿಟ್ರು. ಹೇಗೆ ಬೇಡ ಅನ್ನೋದು, ನೀವೇ ಹೇಳಿ.”

ಅವರು ಅಂದು ಬೇಡವೆನ್ನಬೇಕಾಗಿದ್ದುದು ಮದ್ಯಕ್ಕಲ್ಲ, ಒಂದು ಋಣಕ್ಕೆ. ನಮ್ಮ ಸಮಾಜದಲ್ಲಿ ಗ್ಲಾಸು ತಾನಾಗಿ ಮೇಜಿನ ಮೇಲೆ ಕುಳಿತಿರುವುದು ಕಡಿಮೆ. ಅದನ್ನು ಯಾರೋ ಒಬ್ಬರು ಹಿಡಿದಿರುತ್ತಾರೆ. ಭಾವ, ಮೇಲಧಿಕಾರಿ, ಮದುವೆಯ ಮನೆಯ ಯಜಮಾನ, ಸಾಲ ಕೊಟ್ಟವನು, ಒಟ್ಟಿಗೆ ಓದಿದವನು. ಪಾಶ್ಚಾತ್ಯ ದೃಶ್ಯಗಳಲ್ಲಿಯೂ ಕುಡಿಯೆಂದು ಒತ್ತಾಯಿಸುವ ಗೆಳೆಯನಿರುತ್ತಾನೆ, ನಿಜ. ಆದರೆ ಅವನೊಡನೆ ರೋಗಿಗೆ ಹಿಂದಿಲ್ಲ ಮುಂದಿಲ್ಲ. ಅವನಿಗೆ ಒಲ್ಲೆನೆಂದರೆ ಕನ್ನಡಕ ತೆಗೆದ ಮೇಲೆ ಯಾವ ನಷ್ಟವೂ ಇಲ್ಲ. ನಷ್ಟವಿಲ್ಲದ ನಿರಾಕರಣೆಯ ಅಭ್ಯಾಸ, ನೀರಿಲ್ಲದ ಕಡೆ ಈಜು ಕಲಿತ ಹಾಗೆ. (ಕನ್ನಡಕವನ್ನು ಮೊದಲು ತೊಡಿಸಬೇಕಾದದ್ದು ಆ ದೊಡ್ಡವರಿಗೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಗ್ಲಾಸು ಹಿಡಿದ ತಮ್ಮ ಕೈ ಎದುರಿನವನಿಗೆ ಹೇಗೆ ಕಾಣುತ್ತದೆಂದು ಅವರೂ ಒಂದಿಷ್ಟು ನೋಡಲಿ.)

ಮಹಾಭಾರತದ ಸಭಾಪರ್ವವನ್ನು ಈ ಕಣ್ಣಿನಿಂದ ಓದಿದರೆ ಸೋಜಿಗವಾಗುತ್ತದೆ. ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ದುರ್ಯೋಧನನಿಗೆ ತೋರಿಸಿದ ಮಯಸಭೆಯಿರುವುದು ಆ ಪರ್ವದಲ್ಲಿ. ಧರ್ಮರಾಯನ ಜೂಜಿರುವುದೂ ಅದರಲ್ಲಿಯೇ. ನಾವು ನೆನಪಿಡುವುದು ಮೊದಲ ಜೂಜನ್ನು. ನನ್ನನ್ನು ಕಾಡುವುದು ಎರಡನೆಯದು, ಅನುದ್ಯೂತ. ದ್ರೌಪದಿಯ ದೆಸೆಯಿಂದ ಕಳೆದುಕೊಂಡದ್ದೆಲ್ಲ ಮರಳಿ ದೊರೆತಿದೆ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದಾರೆ. ಆಗ ಹಿಂದಿನಿಂದ ದೂತ ಬರುತ್ತಾನೆ: ದೊಡ್ಡಪ್ಪ ಕರೆಯುತ್ತಿದ್ದಾರೆ, ಇನ್ನೊಂದಾಟ. ಶಕುನಿಯ ಮೋಸ ಧರ್ಮರಾಯನಿಗೆ ಗೊತ್ತು, ಸೋಲುವುದೂ ಗೊತ್ತು. ಆದರೂ ತಿರುಗುತ್ತಾನೆ. ಅವನನ್ನು ತಿರುಗಿಸಿದ್ದು ದಾಳಗಳ ಸದ್ದಲ್ಲ, ಹಿರಿಯರ ಕರೆ. ಪಗಡೆಯ ಹಾಸನ್ನು ನೂರು ಸಲ ತೋರಿಸಿ ಅವನ ತಹತಹ ಇಳಿಸಿದ್ದರೂ ಆ ಕರೆಗೆ ಅವನಲ್ಲಿ ಉತ್ತರವಿರುತ್ತಿರಲಿಲ್ಲ. ದಾರಿಯಲ್ಲಿ ಅವನ ಕೈ ಹಿಡಿದು ನಿಲ್ಲಿಸುವವರೂ ಇರಲಿಲ್ಲ. ಇದ್ದವರೆಲ್ಲ ಅವನ ಮಾತಿಗೆ ಕಟ್ಟುಬಿದ್ದ ತಮ್ಮಂದಿರು.

ಹಾಗಾದರೆ ಕೈ ಹಿಡಿಯುವವರನ್ನು ಚಿಕಿತ್ಸೆಯೊಳಗೆ ತರುವುದು ಹೇಗೆ? ಇದಕ್ಕೆ ಉತ್ತರವನ್ನು ದೂರದೇಶಗಳಲ್ಲಿ ಹುಡುಕಬೇಕಾಗಿಲ್ಲ. ಚೆನ್ನೈಯ ಅಡಯಾರಿನ ಇಂದಿರಾನಗರದಲ್ಲಿ ಟಿ.ಟಿ.ಕೆ. ಆಸ್ಪತ್ರೆಯಿದೆ. ಟಿ.ಟಿ. ಕೃಷ್ಣಮಾಚಾರಿಯವರ ಮನೆತನಕ್ಕೆ ಸೊಸೆಯಾಗಿ ಬಂದ ಶಾಂತಿ ರಂಗನಾಥನ್, ಪತಿ ಮದ್ಯವ್ಯಸನದಿಂದ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೆ, 1980ರಲ್ಲಿ ಅವರ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯದು. ಕುಡಿತವನ್ನು ಕೆಟ್ಟ ಗುಣವೆಂದಲ್ಲದೆ ಕಾಯಿಲೆಯೆಂದು ನೋಡುವುದು ಇಲ್ಲಿ ಆಗಿನ್ನೂ ಹೊಸದು. ಅವರಿಗೆ 1992ರಲ್ಲಿ ಪದ್ಮಶ್ರೀ, 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ ಸಂದಿವೆ. ಆದರೆ ನಾನು ಇಲ್ಲಿ ಎತ್ತಿ ಹೇಳಬೇಕೆಂದಿರುವುದು ಬೇರೆ ಎರಡು ಸಂಗತಿ. ಒಂದು, ರೋಗಿಗೆ ಚಿಕಿತ್ಸೆ ನಡೆಯುವಾಗಲೇ ಅವನ ಕುಟುಂಬದವರಿಗೂ ಅಲ್ಲಿ ಪ್ರತ್ಯೇಕ ಕಾರ್ಯಕ್ರಮವಿದೆ. ಹೆಂಡತಿಯಾಗಿ ಆ ಮನೆಯೊಳಗನ್ನು ಬಲ್ಲವರು ಮಾತ್ರ ಮಾಡಬಹುದಾದ ವ್ಯವಸ್ಥೆಯೆಂದು ನನಗನ್ನಿಸುತ್ತದೆ. ಎರಡು, ತಂಜಾವೂರು ಸೀಮೆಯ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಈ ಸಂಸ್ಥೆ ನಡೆಸಿಕೊಂಡು ಬಂದ ಶಿಬಿರಗಳು. ಆಸ್ಪತ್ರೆಗೆ ರೋಗಿಯನ್ನು ಕರೆಸುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗುತ್ತದೆ. ವೈದ್ಯರೂ ಸಮಾಲೋಚಕರೂ ಅಲ್ಲಿಯೇ ಉಳಿಯುತ್ತಾರೆ. ಸುತ್ತಲಿನ ಊರುಗಳವರು ಸೇರುತ್ತಾರೆ. ಊರಿನ ಹಿರಿಯರು ಕೈಜೋಡಿಸುತ್ತಾರೆ.

ಬೌಟನ್ನರ ಇಲಿಗಳನ್ನು ನೆನಪಿಸಿಕೊಂಡು ಈ ಶಿಬಿರವನ್ನು ನೋಡಿ. ಬಿಡುವ ಪಾಠ ನಡೆಯುವುದು ಕುಡಿಯಲು ಕಲಿತ ಜಾಗದಲ್ಲಿಯೇ, ಅಥವಾ ಅದರ ಕೂಗಳತೆಯಲ್ಲಿ. ಗ್ಲಾಸು ಹಿಡಿದು ಬರಬಹುದಾದ ಭಾವನೂ ನೆರೆಯವನೂ ಪಾಠ ನಡೆಯುತ್ತಿರುವುದನ್ನು ಕಂಡಿರುತ್ತಾರೆ. ಇವನು ಬಿಟ್ಟಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿರುವ ಸುದ್ದಿ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಸಮಾರೋಪದ ದಿನ ಹೆಂಡತಿ ಮಕ್ಕಳೆಲ್ಲ ಬಂದಿರುತ್ತಾರೆ. ಬಿಟ್ಟವರು ಮುಂದೆ ನವಜೀವನ ಸಮಿತಿಯೆಂಬ ಹೆಸರಿನಲ್ಲಿ ಆಗಾಗ ಸೇರುತ್ತಾರೆ. ಅಲ್ಲಿನ ಭಜನೆ, ಪ್ರತಿಜ್ಞೆ ಎಲ್ಲರಿಗೂ ಒಗ್ಗಲಿಕ್ಕಿಲ್ಲ. ವೈದ್ಯಕೀಯ ನಿಗಾ ಎಲ್ಲ ಕಡೆ ಒಂದೇ ಸಮನಾಗಿರುತ್ತದೆಂದೂ ನಾನು ಹೇಳಲಾರೆ. ಬಹಳ ಕುಡಿಯುವವನು ಥಟ್ಟನೆ ಬಿಟ್ಟಾಗ ಬರುವ ನಡುಕ, ಸನ್ನಿ, ಅಪಸ್ಮಾರಗಳು ಪ್ರಾಣಕ್ಕೇ ಎರವಾಗಬಲ್ಲವು. ಅದಕ್ಕೆ ವೈದ್ಯರೇ ಬೇಕು. ಆದರೆ ಜಾಗ ಮತ್ತು ಜನ ಎಂಬ ಎರಡು ಗಂಟುಗಳನ್ನು ಈ ಶಿಬಿರಗಳು ಬಿಚ್ಚಲು ಹೊರಟಿವೆ. ಕನ್ನಡಕ ಮೊದಲನೆಯದನ್ನು ಅರ್ಧ ಬಿಚ್ಚುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ.

ನಗರದಲ್ಲಿ ಊರಿಲ್ಲ, ಹಿರಿಯರಿಲ್ಲ. ಇಲ್ಲಿ ಆ ಜಾಗವನ್ನು ತುಂಬುತ್ತಿರುವುದು 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡಿಕೊಂಡದ್ದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು. ನನ್ನ ಸಹೋದ್ಯೋಗಿ ಈಗ ವಾರಕ್ಕೆರಡು ಸಂಜೆ ಅಂಥ ಒಂದು ಕೂಟಕ್ಕೆ ಹೋಗುತ್ತಾರೆ. ಅವರ ಹೊಣೆ ಹೊತ್ತಿರುವವರು ಹದಿಮೂರು ವರ್ಷದಿಂದ ಕುಡಿಯದ ಒಬ್ಬ ಆಟೋ ಚಾಲಕರು. ಇವರು ಅವರನ್ನು ಅಣ್ಣಾ ಎನ್ನುತ್ತಾರೆ. ಕಚೇರಿಯ ಶ್ರೇಣಿಯಲ್ಲಿ ಎಲ್ಲಿಯೂ ಇಲ್ಲದ ಸಂಬಂಧ. ಈಚೆಗೆ ಇನ್ನೊಂದು ಬೀಳ್ಕೊಡುಗೆಯ ಕೂಟಕ್ಕೆ ಹೋಗುವ ಮುನ್ನ ಇವರು ಅಣ್ಣನಿಗೆ ಫೋನ್ ಮಾಡಿದರು. ಅವರು ಆಟೋ ತಂದು ಛತ್ರದ ಹೊರಗೆ ನಿಲ್ಲಿಸಿಕೊಂಡು, ಬಾಡಿಗೆ ಬಿಟ್ಟು, ಎಂಟು ಗಂಟೆಗೆ ಸರಿಯಾಗಿ ಒಳಗೆ ಕರೆ ಮಾಡಿದರು: ಮನೆಯಲ್ಲಿ ಕೆಲಸವಿದೆ, ಹೊರಡು. ದೊಡ್ಡವರ ಮುಂದೆ ಹೇಳಿಕೊಳ್ಳಲು ಅಷ್ಟು ನೆಪ ಸಾಕಾಯಿತು.

ಇನ್ನು ಲೆಕ್ಕದ ಮಾತು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವಯಸ್ಸಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯದ ತೊಂದರೆಗಾಗಿ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಉಳಿದು ಪಡೆಯುವ ಚಿಕಿತ್ಸೆ 180ರಲ್ಲಿ ಒಬ್ಬನಿಗೆ. ಉಳಿದ 37 ಜನರ ಬಳಿಗೆ ಹೋಗುವ ಸಮಾಲೋಚಕರೇ ಇಲ್ಲದಿರುವಾಗ, ಆ ಒಬ್ಬನ ಕಣ್ಣಿಗೆ ಕಟ್ಟುವ ದೃಶ್ಯವನ್ನು ಇನ್ನಷ್ಟು ನಯಗೊಳಿಸುವುದಕ್ಕೆ ಆತುರವೇನು? ಖರೀದಿಯ ಕಡತಗಳೊಡನೆ ಇಪ್ಪತ್ತು ವರ್ಷ ಕಳೆದವನಾಗಿ ಒಂದು ಮಾತು ಹೇಳಬಲ್ಲೆ: ಉಪಕರಣ ಕೊಳ್ಳುವುದು ಸುಲಭ, ಹುದ್ದೆ ಸೃಷ್ಟಿಸುವುದು ಕಷ್ಟ. ಉಪಕರಣಕ್ಕೆ ಒಂದು ಸಲ ಮಂಜೂರಾತಿ ಸಾಕು, ಉದ್ಘಾಟನೆಯ ಫೋಟೋ ಬರುತ್ತದೆ. ಮೂರು ವರ್ಷ ಬಿಡದೆ ಫೋನ್ ಮಾಡುವ ಸಮಾಲೋಚಕಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು, ಮತ್ತು ಅವಳ ಕೆಲಸದ ಫೋಟೋ ತೆಗೆಯಲಾಗುವುದಿಲ್ಲ.

ಕನ್ನಡಕ ನೋಡುತ್ತಿರುವಾಗ ಅದೂ ನಮ್ಮನ್ನು ನೋಡುತ್ತಿರುತ್ತದೆಂಬ ಸಂಗತಿಯನ್ನು ಚಿಕ್ಕದಾಗಿಯಾದರೂ ಹೇಳಬೇಕು. ಹೊಸ ಉಪಕರಣಗಳು ಕಣ್ಣು ಎಲ್ಲಿ ನೆಟ್ಟಿತು, ಎಷ್ಟು ಹೊತ್ತು ನೆಟ್ಟಿತು ಎಂಬುದನ್ನೆಲ್ಲ ದಾಖಲಿಸಬಲ್ಲವು. ಚೀನಾದ ಕಡ್ಡಾಯ ವ್ಯಸನಮುಕ್ತಿ ಕೇಂದ್ರಗಳಲ್ಲಿ ಇಂಥ ದಾಖಲೆಯಿಂದ ಚಟ ಎಷ್ಟು ಉಳಿದಿದೆಯೆಂದು ಅಳೆಯುವ ಪ್ರಯತ್ನಗಳಾಗಿವೆ. ನನ್ನ ಸಹೋದ್ಯೋಗಿಯ ತಹತಹದ ಅಂಕಪಟ್ಟಿ ಯಾರ ಕಂಪ್ಯೂಟರಿನಲ್ಲಿರುತ್ತದೆ? ಬಡ್ತಿಯ ಸಮಯದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಭರವಸೆ ಯಾರದು? ತಂತ್ರಜ್ಞಾನದ ಗೀಳಿಗೇ ಚಿಕಿತ್ಸೆ ಕೊಡಲು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಗಿ ಬಂದದ್ದನ್ನು ನೆನೆದರೆ, ಒಂದು ಚಟಕ್ಕೆ ಇನ್ನೊಂದರ ಸಾಮಗ್ರಿಯಿಂದಲೇ ಮದ್ದು ಅರೆಯುತ್ತಿದ್ದೇವೆಯೇ ಎಂಬ ಸಂಶಯವೂ ಸುಳಿಯುತ್ತದೆ.

ಇಷ್ಟಾಗಿಯೂ ಕನ್ನಡಕ ಬರುತ್ತದೆ, ಬರಲಿ. ಬಂದಾಗ ಅದರೊಳಗಿನ ದೃಶ್ಯವನ್ನು ಯಾರು ಬರೆಯಬೇಕೆಂಬುದರಲ್ಲಿ ಸಾಹಿತ್ಯದವರಿಗೂ ಪಾಲಿದೆಯೆಂದು ನಾನು ನಂಬಿದ್ದೇನೆ. ಕನ್ನಡದಲ್ಲಿ ಹೆಂಡದಂಗಡಿಯ ಅತ್ಯಂತ ಜೀವಂತ ಚಿತ್ರ ಕೊಟ್ಟವರು ಜಿ.ಪಿ. ರಾಜರತ್ನಂ, ಅವರೇ ಹೆಂಡ ಮುಟ್ಟದವರು. ರತ್ನ, ಅವನ ನಂಜಿ, ಮುನಿಯ ಇವರ ಲೋಕವನ್ನು ಅವರು ಕಟ್ಟಿದ್ದು ಕಿವಿಯಿಂದ. ಜನ ಹೇಗೆ ಕರೆಯುತ್ತಾರೆ, ಹೇಗೆ ಒತ್ತಾಯಿಸುತ್ತಾರೆ, ಹೇಗೆ ಮುನಿಯುತ್ತಾರೆ ಎಂಬುದನ್ನು ಕೇಳಿಸಿಕೊಂಡು. ನಮ್ಮ ದೃಶ್ಯಗಳಿಗೂ ಅಂಥ ಕಿವಿ ಬೇಕು. ಗ್ಲಾಸಿನ ಹೊಳಪು ಒಂದಿಷ್ಟು ಕಡಿಮೆಯಾದರೂ ಚಿಂತೆಯಿಲ್ಲ. ಭಾವನ ಮಾತು ಭಾವನದೇ ಆಗಿರಬೇಕು, ಸಾಲ ಕೊಟ್ಟವನ ನಗು ಅವನದೇ ಆಗಿರಬೇಕು. ಬಿಟ್ಟವರನ್ನೇ ಕೂರಿಸಿಕೊಂಡು, ನಿಮ್ಮನ್ನು ಮತ್ತೆ ಬೀಳಿಸಿದ ಮಾತು ಯಾವುದು ಎಂದು ಕೇಳಿ ಬರೆದುಕೊಳ್ಳಬೇಕು. ಒಂದೊಂದು ಊರಿಗೂ ಕಸುಬಿಗೂ ಆ ಮಾತು ಬೇರೆಯಿರುತ್ತದೆ. ಹೆಂಗಸರಲ್ಲಿಯೂ ಕುಡಿತವಿದೆ, ಅವರನ್ನು ಬೀಳಿಸುವ ಮಾತನ್ನು ನಾವಿನ್ನೂ ಕೇಳಿಸಿಕೊಂಡೇ ಇಲ್ಲ.

ಈ ಬರಹ ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಷ್ಟವಿದ್ದು, ಚಿಕಿತ್ಸಾ ಕೇಂದ್ರವೊಂದರಲ್ಲಿ ನಿಮಗೆ ಈ ಕನ್ನಡಕವನ್ನು ತೋರಿಸಿದರೆ, ಅದನ್ನು ಒಮ್ಮೆ ನೀವೇ ತೊಟ್ಟು ನೋಡಿ. ಅಲ್ಲಿ ಕಾಣುವ ಅಂಗಡಿ ನಿಮ್ಮ ಬೀದಿಯದರಂತಿದೆಯೇ ಎಂದು ಕೇಳಿ. ದಾಖಲಾದ ಮೊದಲ ವಾರ ರಾತ್ರಿ ವೈದ್ಯರಿರುತ್ತಾರೆಯೇ ಎಂದು ಕೇಳಿ. ನಿಮ್ಮನ್ನೂ ಕೂರಿಸಿ ಮಾತನಾಡುತ್ತಾರೆಯೇ ಎಂದು ಕೇಳಿ. ಮನೆಗೆ ಕರೆತಂದ ಆರನೆಯ ತಿಂಗಳಲ್ಲಿ, ಒಂದು ಶನಿವಾರದ ಸಂಜೆ ಏಳೂವರೆಗೆ, ಅವರಲ್ಲಿ ಯಾರು ಫೋನ್ ಎತ್ತುತ್ತಾರೆ, ಆ ವ್ಯಕ್ತಿಯ ಹೆಸರೇನು ಎಂದು ಕೇಳಿ ಬರೆದುಕೊಳ್ಳಿ.